ಬರೀ ವಿಮಾನದಿಂದ ಒಂದು ನಗರವನ್ನು ಸಾಕಬಹುದೇ?

ಓದುಗರ ಪ್ರಶ್ನೆ: ರಸ್ತೆ, ರೈಲು ಎಲ್ಲ ಬಂದ್ ಆದರೆ ಬರೀ ವಿಮಾನದಲ್ಲಿ ಸಾಮಾನು ತಂದು ದೊಡ್ಡ ನಗರವೊಂದನ್ನು ಉಳಿಸಬಹುದೇ? ಅದಕ್ಕೆ ಎಷ್ಟು ದೊಡ್ಡ ವಿಮಾನ ಬೇಕು?

ಉಳಿಸಬಹುದು. ಬರ್ಲಿನ್‌ನಲ್ಲಿ ಉಳಿಸಿದ್ದಾರೆ. ಆದರೆ ವಿಮಾನ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಅದು ನೆಲದ ಮೇಲೆ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತದೆ ಅನ್ನುವುದೇ ಮುಖ್ಯ.

1948ರ ಜೂನ್ 24ರಂದು ಸೋವಿಯತ್ ಸೇನೆ, ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಹಿಡಿತದಲ್ಲಿದ್ದ ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು, ಕಾಲುವೆ ಎಲ್ಲವನ್ನೂ ಮುಚ್ಚಿತು. ಒಳಗೆ 20 ಲಕ್ಷಕ್ಕೂ ಹೆಚ್ಚು ಜನ. ಉಳಿದದ್ದು ಆಕಾಶದ ಮೂರು ದಾರಿ, ಒಂದೊಂದೂ ಸುಮಾರು 32 ಕಿ.ಮೀ. ಅಗಲ. ದಿನಕ್ಕೆ ಕನಿಷ್ಠ 4,500 ಟನ್ ಬೇಕಿತ್ತು. ಅದರಲ್ಲಿ ದಿನಸಿಗಿಂತ ಕಲ್ಲಿದ್ದಲೇ ಜಾಸ್ತಿ.

ಅಮೆರಿಕ, ಬ್ರಿಟನ್ ಮೊದಲು ಹಾರಿಸಿದ್ದು ಮೂರು ಟನ್ ಹೊರುವ ಸಿ-47 ಡಕೋಟಾ. ಇದು ಬಾಲ ಊರಿ ನಿಲ್ಲುವ ವಿಮಾನ. ಹಾಗಾಗಿ ಒಳಗಿನ ನೆಲ ಇಳಿಜಾರು, ಮೂಟೆ ತುಂಬುವಾಗ ಏರು ಹತ್ತಬೇಕು. ಆಮೇಲೆ ಬಂದ ದೊಡ್ಡ ವಿಮಾನ ಸಿ-54ರ ನೆಲ ಸಮತಟ್ಟು. ಅದರ ಹತ್ತು ಟನ್ ಇಳಿಸುವುದಕ್ಕೂ ಡಕೋಟಾದ ಮೂರು ಟನ್ ಇಳಿಸುವಷ್ಟೇ ಹೊತ್ತು!

ಜುಲೈ ಕೊನೆಗೆ ಈ ಸಾಗಾಟದ ಹೊಣೆ ಹೊತ್ತು ಅಮೆರಿಕದ ಸೇನಾಧಿಕಾರಿ ವಿಲಿಯಂ ಟನ್ನರ್ ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಅಸ್ಸಾಮಿನಿಂದ ಹಿಮಾಲಯದ ಮೇಲೆ ಚೀನಾಕ್ಕೆ ಸಾಮಾನು ಸಾಗಿಸುವ ಕೆಲಸ ನಡೆಸಿದವರು ಇವರು. ಆಗಸ್ಟ್ 13ರಂದು ಬರ್ಲಿನ್ ಮೇಲೆ ದಟ್ಟ ಮೋಡ. ಒಂದು ಸಿ-54 ರನ್‌ವೇ ದಾಟಿ ಹೊತ್ತಿ ಉರಿಯಿತು. ಇನ್ನೊಂದರ ಟೈರ್ ಸಿಡಿಯಿತು. ಉಳಿದವು ಮೇಲೆ ಸುತ್ತುತ್ತಲೇ ಇದ್ದವು. ಅದರಲ್ಲೊಂದರಲ್ಲಿ ಟನ್ನರ್ ಕೂಡ ಇದ್ದರು. ಮುಂದೆ ನಿಯಮವೇ ಬದಲಾಯಿತು: ಇಳಿಯಲು ಒಂದೇ ಅವಕಾಶ. ತಪ್ಪಿದರೆ ಸಾಮಾನು ಸಮೇತ ಹೊರಟ ಜಾಗಕ್ಕೇ ವಾಪಸ್. ಪೈಲಟ್‌ಗಳು ವಿಮಾನ ಬಿಟ್ಟು ಕದಲುವಂತಿಲ್ಲ, ತಿಂಡಿ ಗಾಡಿಯೇ ಅವರ ಹತ್ತಿರ ಬರುತ್ತಿತ್ತು.

ನನಗೆ ತುಂಬಾ ಇಷ್ಟವಾದದ್ದು ಉಪ್ಪಿನ ಕಥೆ. ಉಪ್ಪು ಲೋಹವನ್ನು ತಿನ್ನುತ್ತದೆ ಅಲ್ವಾ? ಅದಕ್ಕೇ ಬ್ರಿಟಿಷರು ಕಡಲ ನೀರಿಗೆ ಒಗ್ಗಿದ್ದ ಸಂಡರ್‌ಲ್ಯಾಂಡ್ ವಿಮಾನಗಳಲ್ಲಿ ಉಪ್ಪು ತುಂಬಿ ತಂದು ಬರ್ಲಿನ್‌ನ ಹಾವೆಲ್ ನದಿಯ ನೀರಿನ ಮೇಲೆ ಇಳಿಸಿದರು.

1949ರ ಏಪ್ರಿಲ್ 16ಕ್ಕೆ ಮುಗಿದ 24 ಗಂಟೆಗಳಲ್ಲಿ 12,941 ಟನ್ ಬಂತು. ಮೇ 12ರಂದು ದಾರಿ ತೆರೆಯಿತು. ಅಷ್ಟರೊಳಗೆ ಅಪಘಾತಗಳಲ್ಲಿ ಹಲವರು ಪ್ರಾಣ ಕೊಟ್ಟಿದ್ದರು. ಅವರನ್ನು ಬಿಟ್ಟು ಈ ಲೆಕ್ಕ ಹೇಳಬಾರದು.

ಈಗ ನಮ್ಮ ವಾಯುಪಡೆಯ ಸಿ-17 ನೋಡಿ. ಹೊಟ್ಟೆ ನೆಲಕ್ಕೆ ಹತ್ತಿರ, ಬಾಗಿಲು ಬಾಲದ ಕೆಳಗೆ. ಲಾರಿಯನ್ನು ಸೀದಾ ಒಳಗೆ ಓಡಿಸಿಕೊಂಡು ಹೋಗಬಹುದು.