ಲೆಕ್ಕ ಹೇಳಿದ್ದು 240, ಅಳತೆ ತೋರಿಸಿದ್ದು 43

1988ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ವಿಲಿಯಂ ಫಿಲಿಪ್ಸ್ ಮತ್ತು ಸಂಗಡಿಗರು ಲೇಸರಿನಿಂದ ತಣಿಸಿದ ಸೋಡಿಯಂ ಪರಮಾಣುಗಳ ತಾಪಮಾನ ಅಳೆದರು. ಸುಮಾರು 43 ಮೈಕ್ರೊಕೆಲ್ವಿನ್ ಬಂತು. ಮೈಕ್ರೊಕೆಲ್ವಿನ್ ಅಂದರೆ ಒಂದು ಕೆಲ್ವಿನ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು; ಕೆಲ್ವಿನ್ ಎಣಿಕೆ ಶುರುವಾಗುವುದೇ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನಿಂದ. ಆದರೆ ಲೆಕ್ಕದ ಪ್ರಕಾರ ಅದು 240ಕ್ಕಿಂತ ಕೆಳಗೆ ಇಳಿಯಲೇಬಾರದಿತ್ತು.

ಬೆಳಕು ಬಿಸಿ ಮಾಡುತ್ತದೆ ಅಲ್ವಾ, ತಣಿಸುವುದು ಹೇಗೆ? 1975ರಲ್ಲಿ ಥಿಯೋಡೋರ್ ಹೆನ್ಶ್ ಮತ್ತು ಆರ್ಥರ್ ಶಾಲೋ ಒಂದು ದಾರಿ ಹೇಳಿದ್ದರು. ಹತ್ತಿರ ಬರುವ ರೈಲಿನ ಸಿಳ್ಳೆ ನಮಗೆ ಕೀರಲಾಗಿ ಕೇಳಿಸುತ್ತದೆ. ಹಾಗೆಯೇ ಲೇಸರಿಗೆ ಎದುರಾಗಿ ಓಡುವ ಪರಮಾಣುವಿಗೆ ಬೆಳಕಿನ ಆವರ್ತನ ಹೆಚ್ಚಾಗಿ ಕಾಣುತ್ತದೆ. ಲೇಸರನ್ನು ಪರಮಾಣು ಹೀರುವ ಆವರ್ತನಕ್ಕಿಂತ ತುಸು ಕೆಳಗಿಟ್ಟರೆ, ಎದುರಿಗೆ ಬರುವ ಪರಮಾಣುವೇ ಅದನ್ನು ಜಾಸ್ತಿ ಹೀರುತ್ತದೆ. ಪ್ರತಿ ಸಲವೂ ಹಿಂದಕ್ಕೊಂದು ಸಣ್ಣ ತಳ್ಳು. ಪರಮಾಣುಗಳ ಓಟ ನಿಧಾನವಾದಷ್ಟೂ ತಾಪಮಾನ ಕಡಿಮೆ. ಹೀರಿದ ಬೆಳಕನ್ನು ಅದು ಯಾವ ದಿಕ್ಕಿಗಾದರೂ ಉಗುಳುವುದರಿಂದ ಒಂದಿಷ್ಟು ಅಲುಗಾಟ ಉಳಿದೇ ಉಳಿಯುತ್ತದೆ. ಸೋಡಿಯಂಗೆ 240ರ ಮಿತಿ ಬಂದದ್ದು ಇದರಿಂದ.

1985ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಸ್ಟೀವನ್ ಚು ತಂಡ ಆರು ದಿಕ್ಕಿನಿಂದ ಲೇಸರ್ ಬಿಟ್ಟಿತು. ಪರಮಾಣುಗಳು ಜೋನಿಬೆಲ್ಲಕ್ಕೆ ಬಿದ್ದ ಇರುವೆಯಂತೆ ನಿಧಾನವಾದವು. ತಂಡ ಅದಕ್ಕೆ 'ಬೆಳಕಿನ ಕಾಕಂಬಿ' ಎಂಬ ಅರ್ಥದ ಹೆಸರನ್ನೇ ಇಟ್ಟಿತು. ಅಳತೆಯೂ 240ರ ಆಸುಪಾಸಿನಲ್ಲೇ ಬಂತು. ಅದರಲ್ಲಿ ಅನಿಶ್ಚಿತತೆ ಜಾಸ್ತಿ ಇತ್ತು. ಆದರೂ ಲೆಕ್ಕಕ್ಕೆ ಕೂಡಿಬಂದ ಉತ್ತರವನ್ನು ಯಾರು ಕೆದಕುತ್ತಾರೆ?

ಫಿಲಿಪ್ಸ್ ತಂಡ ಕೆದಕಿತು. ಲೇಸರನ್ನು ಲೆಕ್ಕ ಹೇಳಿದ್ದಕ್ಕಿಂತ ದೂರದ ಆವರ್ತನದಲ್ಲಿಟ್ಟಾಗ ಕಾಕಂಬಿ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು. ಅನುಮಾನ ಹುಟ್ಟಿದ್ದು ಅಲ್ಲಿಂದ. ಲೇಸರ್ ಆರಿಸಿ, ಪರಮಾಣುಗಳನ್ನು ಬೀಳಲು ಬಿಟ್ಟು, ಕೆಳಗಿನ ಬೆಳಕಿನ ಗೆರೆಗೆ ಅವು ಯಾವಾಗ ತಲುಪುತ್ತವೆ ಎಂದು ನೋಡಿದರು. ಬಿಸಿ ಇದ್ದರೆ ಕೆಲವು ಬೇಗ, ಕೆಲವು ತಡವಾಗಿ ಬರುತ್ತವೆ. ಇಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ನಂಬಿಕೆಯಾಗದೆ ಬೇರೆ ಬೇರೆ ರೀತಿಯಲ್ಲೂ ಅಳೆದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಆ ತಾಳ್ಮೆ.

ಕಾರಣವನ್ನು ಪ್ಯಾರಿಸ್ಸಿನ ಕ್ಲೋಡ್ ಕೋಹೆನ್-ತನೂಜಿ ಮತ್ತು ಜಾನ್ ದಾಲಿಬಾರ್ ಬಿಡಿಸಿದರು. ಚು ತಂಡವೂ ಬಿಡಿಸಿತು. ಹಳೆಯ ಲೆಕ್ಕ ಪರಮಾಣುವಿಗೆ ಎರಡೇ ಶಕ್ತಿಮಟ್ಟ ಎಂದು ಹಿಡಿದಿತ್ತು. ಸೋಡಿಯಂನಲ್ಲಿ ಒಂದೊಂದು ಮಟ್ಟದೊಳಗೂ ಉಪಮಟ್ಟಗಳಿವೆ. ಎದುರುಬದುರು ಲೇಸರುಗಳು ಸೇರಿದಲ್ಲಿ ಶಕ್ತಿಯ ಏರು-ತಗ್ಗು ಉಂಟಾಗುತ್ತವೆ. ಪರಮಾಣು ಏರು ಹತ್ತಿ ಸುಸ್ತಾಗುತ್ತದೆ. ತುದಿ ಮುಟ್ಟುವಾಗ ಬೆಳಕು ಅದನ್ನು ಇನ್ನೊಂದು ಉಪಮಟ್ಟದ ತಗ್ಗಿಗೆ ಇಳಿಸುತ್ತದೆ. ಮತ್ತೆ ಏರು, ಮತ್ತೆ ಸುಸ್ತು.

ಫಿಲಿಪ್ಸ್, ಚು, ಕೋಹೆನ್-ತನೂಜಿ 1997ರಲ್ಲಿ ನೊಬೆಲ್ ಹಂಚಿಕೊಂಡರು. ಆ ಹೊತ್ತಿಗೆ ಈ ಚಳಿ, ಪರಮಾಣುಗಳಿಂದ ಸಮಯ ಅಳೆಯುವ ಗಡಿಯಾರಕ್ಕೂ ಬಂದಿತ್ತು. ಸೀಸಿಯಂ ಕಾರಂಜಿ ಗಡಿಯಾರದಲ್ಲಿ ಪರಮಾಣುಗಳ ಮೋಡವನ್ನು ಮೇಲಕ್ಕೆ ಚಿಮ್ಮಿಸಿ, ಬೀಳುವವರೆಗೆ ಸುಮಾರು ಒಂದು ಸೆಕೆಂಡು ಕಾಯುತ್ತಾರೆ. ಹಳೆಯ ಲೆಕ್ಕ ಸೀಸಿಯಂಗೆ ಹೇಳುವ ಮಿತಿಯಲ್ಲೇ ನಿಂತಿದ್ದರೆ ಆ ಒಂದು ಸೆಕೆಂಡಿನಲ್ಲಿ ಮೋಡ ಎಲ್ಲ ಕಡೆಗೂ ಸುಮಾರು 9 ಸೆಂ.ಮೀ. ಹರಡಿಬಿಡುತ್ತಿತ್ತು. 2 ಮೈಕ್ರೊಕೆಲ್ವಿನ್‌ನಲ್ಲಿ ಹರಡುವುದು ಬರೀ 1 ಸೆಂ.ಮೀ.ನಷ್ಟು.

ಅಣುಗಳ ಸರದಿ ಬಂದದ್ದು ತಡವಾಗಿ. ಅಣು ತಿರುಗುತ್ತದೆ, ಕಂಪಿಸುತ್ತದೆ. ಬೆಳಕು ಉಗುಳಿದ ಮೇಲೆ ಲೇಸರಿಗೆ ಸಿಗದ ಸ್ಥಿತಿಗೆ ಜಾರಿಬಿಡುತ್ತದೆ. 2010ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಸ್ಟ್ರಾನ್ಷಿಯಂ ಮೊನೊಫ್ಲೋರೈಡ್ ಅಣುವನ್ನು ತಣಿಸಿ ತೋರಿಸಿತು. ಜಾರಿದವನ್ನು ವಾಪಸ್ ಎಳೆದು ತರಲೆಂದೇ ಅವರು ಬೇರೆ ಲೇಸರುಗಳನ್ನು ಇಟ್ಟಿದ್ದರು.