3050 ಜೋರೋ, 2060 ಜೋರೋ?

ಪ್ರಶ್ನೆ: ಹಂಪನಕಟ್ಟೆಯ ಅಂಗಡಿಯಲ್ಲಿ ಹೊಸ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ನೋಡಿ ಬಂದೆ. ಸುರತ್ಕಲ್‌ನ ಗೆಳೆಯ ತನ್ನ ಹಳೇ ಆರ್‌ಟಿಎಕ್ಸ್ 2060 ಕೊಡ್ತೇನೆ ಅಂತಿದ್ದಾನೆ. ನಂಬರ್ ದೊಡ್ಡದಿದ್ದರೆ ಕಾರ್ಡ್ ಜೋರು ಅಲ್ವಾ?

ಉತ್ತರ: ಅಲ್ಲ. ಇಲ್ಲಿ ಹಳೇ ಕಾರ್ಡೇ ಜೋರು.

ಈ ಎರಡೂ ಕಾರ್ಡಿನ ಕಂಪನಿ ಎನ್‌ವಿಡಿಯಾ. ಅದರ ನಂಬರನ್ನು ಎರಡು ತುಂಡು ಮಾಡಿ ಓದಿ. ಮೊದಲ ಎರಡು ಅಂಕೆ ತಲೆಮಾರು. 20 ಶುರುವಾದದ್ದು 2018ರಲ್ಲಿ, 30 ಬಂದದ್ದು 2020ರಲ್ಲಿ. ಕೊನೆಯ ಎರಡು ಅಂಕೆ ಆ ತಲೆಮಾರಿನೊಳಗಿನ ಸ್ಥಾನ. 50 ಕೆಳಗಿನದು, 60 ಅದಕ್ಕಿಂತ ಮೇಲಿನದು, 90 ತುದಿಯದು. ಟಿಐ ಅಥವಾ ಸೂಪರ್ ಸೇರಿದರೆ ಅದೇ ನಂಬರಿನಲ್ಲಿ ಒಂದು ಕೈ ಮೇಲು. ಇನ್ನೊಂದು ಕಂಪನಿ ಎಎಂಡಿಯ ಆರ್‌ಎಕ್ಸ್ ಕಾರ್ಡ್‌ಗಳ ಲೆಕ್ಕವೇ ಬೇರೆ. ಅವುಗಳ ನಂಬರನ್ನು ಇವುಗಳ ಪಕ್ಕ ಇಟ್ಟು ನೋಡಬೇಡಿ.

ಕೋರ್ (ಕಾರ್ಡಿನೊಳಗೆ ಲೆಕ್ಕ ಮಾಡುವ ಸಣ್ಣ ಘಟಕ) ಎಣಿಸಿದರೂ ಮೋಸ ಹೋಗ್ತೀರಿ. 2060ರಲ್ಲಿ 1920 ಕೋರ್, 8 ಜಿಬಿಯ 3050ರಲ್ಲಿ 2560. ಆದರೂ 2060 ಮುಂದೆ. ಯಾಕೆಂದರೆ 30ರ ತಲೆಮಾರಿನಲ್ಲಿ ಒಂದೊಂದು ಬ್ಲಾಕಿನ, ಅಂದರೆ ಕೋರ್ ಗುಂಪಿನ, ಕೋರ್ ಸಂಖ್ಯೆ 64ರಿಂದ 128ಕ್ಕೆ ಏರಿತು, ಆದರೆ ಅದರಲ್ಲಿ ಅರ್ಧ ಕೋರ್‌ಗಳು ಪೂರ್ಣಾಂಕದ ಲೆಕ್ಕವನ್ನೂ ತಾವೇ ಮಾಡಬೇಕು. 2060ರಲ್ಲಿ ಆ ಕೆಲಸಕ್ಕೆ ಬೇರೆ ಘಟಕಗಳೇ ಇವೆ. ಬ್ಲಾಕ್‌ಗಳೂ ಜಾಸ್ತಿ: 30. 3050ರಲ್ಲಿ 20 ಮಾತ್ರ. ಮೆಮೊರಿಯ ದಾರಿಯೂ ಅಗಲ, 192 ಬಿಟ್, 3050ರದ್ದು 128.

ಅಂದ ಹಾಗೆ, ಅಂಗಡಿಯ ಬಾಕ್ಸ್ ಮೇಲೆ ಎಷ್ಟು ಜಿಬಿ ಅಂತ ಬರೆದಿತ್ತು? 2024ರಲ್ಲಿ 3050 ಎಂಬ ಅದೇ ಹೆಸರಲ್ಲಿ 6 ಜಿಬಿಯ ಕಾರ್ಡ್ ಬಂತು. ಅದರಲ್ಲಿ ಕಡಿಮೆಯಾದದ್ದು ಬರೀ ಮೆಮೊರಿಯಲ್ಲ. ಕೋರ್ 2304ಕ್ಕೆ ಇಳಿಯಿತು, ದಾರಿ 96 ಬಿಟ್‌ಗೆ. ಒಂದೇ ಹೆಸರಲ್ಲಿ ಎರಡು ಬೇರೆ ಕಾರ್ಡ್ ಮಾರುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಹೋಲಿಸುವುದು ಹೇಗೆ? ನೀವು ಆಡುವ ಗೇಮ್‌ನಲ್ಲಿ, ನಿಮ್ಮ ಮಾನಿಟರಿನ ರೆಸಲ್ಯೂಶನ್‌ನಲ್ಲಿ, ಒಂದೇ ಪ್ರೊಸೆಸರ್ ಮೇಲೆ ಎರಡೂ ಕಾರ್ಡ್ ಓಡಿಸಿದ ಪರೀಕ್ಷೆ ಹುಡುಕಿ. ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಅಂತ ಮಾತ್ರ ನೋಡಿದರೆ ಸಾಲದು, ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ನೋಡಿ. ಆಟ ತಡವರಿಸುವುದು ಅಲ್ಲೇ.

ನಾನಾದರೆ 2060 ತಗೊಳ್ತಿದ್ದೆ. ಆದರೆ ಅದು 160 ವ್ಯಾಟ್ ಎಳೆಯುತ್ತದೆ, 500 ವ್ಯಾಟ್‌ನ ಒಳ್ಳೇ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬೇಕು. ನಿಮ್ಮದು ಸಣ್ಣ ಎಸ್‌ಎಂಪಿಎಸ್ ಆಗಿದ್ದು, ಬದಲಿಸುವ ಯೋಚನೆ ಇಲ್ಲದಿದ್ದರೆ 70 ವ್ಯಾಟ್‌ನ 6 ಜಿಬಿ 3050 ಸಾಕು. ಗೆಳೆಯನ ಕಾರ್ಡ್ ತರುವ ಮೊದಲು ಅರ್ಧ ಗಂಟೆ ಗೇಮ್ ಓಡಿಸಿ. ಕಡಲ ಪಕ್ಕದ ಮನೆ ಅಲ್ವಾ, ಉಪ್ಪುಗಾಳಿಗೆ ಪೋರ್ಟ್ ಮತ್ತು ಸ್ಕ್ರೂ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿಯೇ ದುಡ್ಡು ಕೊಡಿ.