ಹೆಂಗಸರು ಬರೆದ ತಮ್ಮದೇ ದೇಹದ ಚಿತ್ರ

ಜನಾರೋಗ್ಯದ ಕೆಲಸದಲ್ಲಿರುವ ನಮಗೆ ಪೋಸ್ಟರ್ ಮೇಲೆ ಬಹಳ ನಂಬಿಕೆ. ತಲೆಬುರುಡೆ, ದಪ್ಪ ಕೆಂಪು ಅಕ್ಷರ, 'ಎಚ್ಚರ!' ಆದರೆ ಹೆದರಿದವರು ಹೆಚ್ಚಾಗಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಪರೀಕ್ಷೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಆಶಾ ಕಾರ್ಯಕರ್ತೆಯರಿಗೆ ಎಚ್‌ಐವಿ ಬಗ್ಗೆ ತರಬೇತಿ ಕೊಡುವಾಗ ನಾನು ಪೋಸ್ಟರ್ ಬದಲು ದಕ್ಷಿಣ ಆಫ್ರಿಕಾದ ಕೆಲವು ಚಿತ್ರ ತೋರಿಸುವುದು ಅದಕ್ಕೇ.

ಕೇಪ್‌ಟೌನ್ ಅಂಚಿನ ಖಯೆಲಿಟ್ಶದಲ್ಲಿ ಎಚ್‌ಐವಿ ಇದ್ದ ಹೆಂಗಸರ ಒಂದು ಗುಂಪಿತ್ತು, ಬಂಬನಾನಿ ಅಂತ. 2002ರಲ್ಲಿ ಅವರು ತಮ್ಮ ದೇಹದ ಚಿತ್ರ ಬರೆದರು. ಆಳುದ್ದದ ಕಾಗದದ ಮೇಲೆ ಒಬ್ಬರು ಮಲಗುತ್ತಾರೆ, ಇನ್ನೊಬ್ಬರು ಸುತ್ತ ಗೆರೆ ಎಳೆಯುತ್ತಾರೆ. ಅದರ ಹಿಂದೆ ನೆರಳಿನ ಹಾಗೆ ಮತ್ತೊಂದು ಆಕಾರ, ಕಷ್ಟಕ್ಕೆ ಜೊತೆಯಾದವರದ್ದು. ಆಮೇಲೆ ಬಣ್ಣ. ಗಾಯದ ಕಲೆ ಎಲ್ಲಿದೆ, ನೋವು ಎಲ್ಲಿದೆ, ಬಲ ಎಲ್ಲಿದೆ, ಎಲ್ಲವನ್ನೂ ತುಂಬುತ್ತಾರೆ. ಒಂದು ಚಿತ್ರದಲ್ಲಿ ವೈರಸ್ಸು ಸಣ್ಣ ನೀಲಿ ಚುಕ್ಕೆ. ಅದನ್ನು ತಿನ್ನುತ್ತಿರುವ ಕೆಂಪು ಉಂಡೆಗಳೇ ಔಷಧಿ. ಓದು ಬಾರದವರಿಗೂ ಮಾತ್ರೆ ಏನು ಮಾಡುತ್ತದೆ ಅಂತ ತಿಳಿಯಲು ಇಷ್ಟು ಸಾಕು, ಅಲ್ವಾ?

ಆ ಮಾತ್ರೆ ಆಗ ಅಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಏಡ್ಸ್‌ಗೆ ಎಚ್‌ಐವಿಯೇ ಕಾರಣವೇ ಅಂತ ಅಧ್ಯಕ್ಷ ಥಾಬೊ ಎಂಬೆಕಿಯವರೇ ಅನುಮಾನ ಎತ್ತಿದ್ದರು. ಖಯೆಲಿಟ್ಶದಲ್ಲಿ ಗಡಿರಹಿತ ವೈದ್ಯರ ಸಂಸ್ಥೆ ಎಂಎಸ್‌ಎಫ್ 2001ರಲ್ಲೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಕೊಡತೊಡಗಿತ್ತು. ಸರ್ಕಾರ ದೇಶದಾದ್ಯಂತ ಶುರು ಮಾಡಿದ್ದು 2004ರಲ್ಲಿ. 2000ದಿಂದ 2005ರವರೆಗಿನ ಈ ವಿಳಂಬಕ್ಕೆ 3,30,000ಕ್ಕೂ ಜಾಸ್ತಿ ಜೀವ ಹೋಯಿತು ಅಂತ ಹಾರ್ವರ್ಡ್ ಸಂಶೋಧಕರು ಅಂದಾಜು ಮಾಡಿದ್ದಾರೆ. ತಪ್ಪಿಸಬಹುದಾಗಿದ್ದ ಸಾವುಗಳು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದೇ ದೇಶದ ಈಸ್ಟರ್ನ್ ಕೇಪ್ ಪ್ರಾಂತ್ಯದ ಹ್ಯಾಂಬರ್ಗ್ ಎಂಬ ಹಳ್ಳಿಯಲ್ಲಿ ಕ್ಯಾರಲ್ ಹಾಫ್‌ಮೆಯರ್ ಅಂತ ಒಬ್ಬ ವೈದ್ಯೆ. ಕಲಾವಿದೆ ಕೂಡ. ಅವರ ಜೊತೆ ಊರಿನ ಹೆಂಗಸರು ಕಸೂತಿ, ಮಣಿಗಳಲ್ಲಿ 'ಕೇಸ್ಕಮ್ಮ ಆಲ್ಟರ್‌ಪೀಸ್' ಎಂಬ ಭಾರೀ ಕೃತಿಯನ್ನು 2005ರಲ್ಲಿ ಮುಗಿಸಿದರು. ಆಲ್ಟರ್‌ಪೀಸ್ ಅಂದರೆ ಚರ್ಚಿನ ಪೂಜಾಪೀಠದ ಹಿಂದೆ ಇಡುವ ಚಿತ್ರಫಲಕ, ಇದಕ್ಕೆ ಬಾಗಿಲುಗಳೂ ಇವೆ. ಇದಕ್ಕೆ ಮಾದರಿ ಯುರೋಪಿನ 16ನೇ ಶತಮಾನದ ಒಂದು ಚರ್ಚ್ ಚಿತ್ರ. ಅದರಲ್ಲಿ ಶಿಲುಬೆಗೇರಿದ ಏಸು ಇದ್ದ ಜಾಗದಲ್ಲಿ ಇಲ್ಲಿ ಒಬ್ಬ ವಿಧವೆ ನಿಂತಿದ್ದಾಳೆ. ಬಾಗಿಲುಗಳನ್ನು ಒಂದೊಂದಾಗಿ ತೆರೆದರೆ ಒಳಗೆ ಅಜ್ಜಿಯರು, ಮೊಮ್ಮಕ್ಕಳ ದೊಡ್ಡ ಫೋಟೋಗಳು. ಮಕ್ಕಳ ಅಪ್ಪ ಅಮ್ಮ ಎಲ್ಲಿ ಅಂತ ನಾವೇ ಕೇಳಿಕೊಳ್ಳಬೇಕು.

ಆ ವೈದ್ಯೆ ಬರೀ ಕಸೂತಿ ಹಾಕಿಸಿ ಸುಮ್ನೆ ಕೂರಲಿಲ್ಲ, ಹಳ್ಳಿಯಲ್ಲಿ ಚಿಕಿತ್ಸೆಗೂ ದಾರಿ ಮಾಡಿದರು. ಮದ್ದು ಕೈಗೆಟುಕದ ಊರಲ್ಲಿ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಜೀವ ಉಳಿಯುವುದಿಲ್ಲ. ನಮ್ಮ ದೇಶದಲ್ಲೂ ಉಚಿತ ಎಆರ್‌ಟಿ ಶುರುವಾದದ್ದು 2004ರಲ್ಲೇ. ಹಾಗಾಗಿ ತರಬೇತಿಯಲ್ಲಿ ಚಿತ್ರ ನೋಡಿ ಮುಗಿದ ಕೂಡಲೇ ಹತ್ತಿರದ ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಆಪ್ತಸಲಹೆ ಕೇಂದ್ರ) ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಎಲ್ಲರ ಕೈಲೂ ಬರೆಸುತ್ತೇನೆ.

ನಿಮ್ಮೂರಲ್ಲೂ ಇಂಥ ದೇಹದ ಚಿತ್ರ ಬರೆಸಬಹುದು. ಆದರೆ ಚಿತ್ರ ಅದನ್ನು ಬರೆದವರದ್ದು. ಗೋಡೆಗೆ ಹಾಕುವ, ಫೋಟೋ ತೆಗೆಯುವ ಮೊದಲು ಅವರ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ವಿಷಯ ಬಹಿರಂಗ ಮಾಡುವುದನ್ನು ನಮ್ಮ ದೇಶದ 2017ರ ಎಚ್‌ಐವಿ-ಏಡ್ಸ್ ಕಾನೂನು ನಿಷೇಧಿಸಿದೆ. 'ಬೇಡ' ಅಂದರೆ ಸುರುಳಿ ಸುತ್ತಿ ಅವರ ಕೈಗೇ ಕೊಟ್ಟುಬಿಡಿ.